ದೀರ್ಘಕಾಲದ ಕುತ್ತಿಗೆ ನೋವು ಮತ್ತು ಸ್ನಾಯು ಬಿಗಿತ: ಹಂತ ಹಂತವಾಗಿ ಏನು ಮಾಡಬೇಕು

ಕುತ್ತಿಗೆ ಸದಾ ಬಿಗಿದುಕೊಂಡೇ ಇರುತ್ತದೆ, ಅದನ್ನು ಸಡಿಲಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹೆಗಲ ಮೇಲೆ ಕಲ್ಲು ಹೇರಿದಂತಿದೆ ಎಂದು ಕೆಲವರು ಹೇಳಿದರೆ, ತಲೆಬುರುಡೆಯ ಬುಡದಲ್ಲಿ ಹಗ್ಗ ಸುತ್ತಿ ಬಿಗಿದಂತಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಒತ್ತಿಸಿಕೊಂಡ ದಿನ ಹಾಯೆನಿಸಿ, ಮರುದಿನವೇ ಬಿಗಿತ ಮರಳುತ್ತದೆ ಎಂಬುದು ಬಹುತೇಕ ಎಲ್ಲರ ದೂರು. ಈ ಲೇಖನ 3 ತಿಂಗಳಿಗಿಂತ ಹೆಚ್ಚು ಕಾಲದಿಂದ ನೋವು ಇರುವವರಿಗಾಗಿ ಬರೆದದ್ದು. ವೈದ್ಯರು ದೀರ್ಘಕಾಲದ ನೋವು ಎಂದು ಕರೆಯುವುದು ಇದನ್ನೇ. ನಿನ್ನೆ ಬೆಳಿಗ್ಗೆ ಎದ್ದಾಗ ಹಿಡಿದುಕೊಂಡ ಕುತ್ತಿಗೆಗೆ ಇಷ್ಟೆಲ್ಲ ಬೇಕಾಗುವುದಿಲ್ಲ, ಅದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಬಿಡುತ್ತದೆ.

ಬಿಗಿತ ಎಂದರೆ ನಿಜವಾಗಿ ಏನು

ಈ ಒಂದು ಪದದಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ನಿಮಗೆ ಆಗುವ ಅನುಭವ. ಇನ್ನೊಂದು, ಸ್ನಾಯುವನ್ನು ಒತ್ತಿದಾಗ ಅಥವಾ ಎಳೆದಾಗ ಅದು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬ ಅಳತೆ. ಎರಡನೆಯದನ್ನು ಅಳೆಯಲು ಎಲಾಸ್ಟೋಗ್ರಫಿ ಎಂಬ ಅಲ್ಟ್ರಾಸೌಂಡ್ ವಿಧಾನವಿದೆ. ಅದರ ಒಂದು ಬಗೆಯಲ್ಲಿ ಸ್ನಾಯುವಿನೊಳಗೆ ಒಂದು ಸಣ್ಣ ಕಂಪನದ ಅಲೆಯನ್ನು ಎಬ್ಬಿಸುತ್ತಾರೆ. ಅಂಗಾಂಶ ಗಟ್ಟಿಯಾದಷ್ಟೂ ಅಲೆ ಬೇಗ ಸಾಗುತ್ತದೆ, ಆ ವೇಗದಿಂದ ಗಡಸುತನವನ್ನು ಕಿಲೋಪಾಸ್ಕಲ್ ಎಂಬ ಮಾನದಲ್ಲಿ ಲೆಕ್ಕ ಹಾಕುತ್ತಾರೆ. ಇಂತಹ ಅಳತೆಗಳು ದೀರ್ಘಕಾಲದ ಕುತ್ತಿಗೆ ನೋವಿರುವವರಲ್ಲಿ ಒಂದೇ ಬಗೆಯ ಉತ್ತರ ಕೊಟ್ಟಿಲ್ಲ. ಕೆಲವು ಅಧ್ಯಯನಗಳಲ್ಲಿ ಕೆಲವು ಸ್ನಾಯುಗಳು ಗಟ್ಟಿಯಾಗಿ ಕಂಡಿವೆ, ಇನ್ನು ಕೆಲವದರಲ್ಲಿ ನೋವಿಲ್ಲದವರಿಗೂ ನೋವಿರುವವರಿಗೂ ವ್ಯತ್ಯಾಸವೇ ಕಂಡಿಲ್ಲ.

ಅಂದರೆ ಬಿಗಿಯೆನಿಸುವ ಸ್ನಾಯು ಗಿಡ್ಡವಾಗಿ ಗಟ್ಟಿಯಾಗಿಯೇ ಇರಬೇಕೆಂದಿಲ್ಲ. ನೋವಿರುವ ಭಾಗವನ್ನು ಕಾಯಲು ನರವ್ಯೂಹ ಸುತ್ತಲಿನ ಸ್ನಾಯುಗಳನ್ನು ಅರೆಬರೆ ಬಿಗಿಹಿಡಿದಿರುತ್ತದೆ. ದಣಿದ ಸ್ನಾಯುವೂ ನಮಗೆ ಬಿಗಿಯಾಗಿಯೇ ಅನುಭವಕ್ಕೆ ಬರುತ್ತದೆ. ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. 7 ಕಶೇರುಗಳ, ಅಂದರೆ ಬೆನ್ನೆಲುಬಿನ ಬಿಡಿ ಮೂಳೆಗಳ, ಮೇಲೆ ಅದನ್ನು ನೆಟ್ಟಗೆ ನಿಲ್ಲಿಸುವ ಕೆಲಸವನ್ನು ಕುತ್ತಿಗೆಯ ಮುಂಭಾಗದ ಆಳದಲ್ಲಿರುವ ಸಣ್ಣ ಸ್ನಾಯುಗಳೂ ಹಿಂಬದಿಯ ಆಳದ ಸ್ನಾಯುಗಳೂ ಹಂಚಿಕೊಂಡಿರುತ್ತವೆ. ದೀರ್ಘಕಾಲದ ನೋವಿರುವ ಅನೇಕರಲ್ಲಿ ಮುಂಭಾಗದ ಆಳದ ಸ್ನಾಯುಗಳು ಸೋಮಾರಿಯಾಗಿ, ಅವುಗಳ ಪಾಲಿನ ಕೆಲಸವನ್ನು ಮೇಲ್ಪದರದ ದೊಡ್ಡ ಸ್ನಾಯುಗಳು ಹೊತ್ತುಕೊಳ್ಳುತ್ತವೆ. ನೀವು ಕೈಯಿಟ್ಟು ಒತ್ತುವುದು ಈ ಮೇಲ್ಪದರವನ್ನು.

ಆದ್ದರಿಂದಲೇ ಒತ್ತುವುದರಿಂದ, ಎಳೆಯುವುದರಿಂದ ಸಿಗುವ ಆರಾಮ ಉಳಿಯುವುದಿಲ್ಲ. ಹೆಚ್ಚಿನ ಕೆಲಸ ಹೊತ್ತು ಬಳಲಿದ ಸ್ನಾಯುವನ್ನು ನಾವು ಸಡಿಲಿಸುತ್ತೇವೆಯೇ ಹೊರತು ಅದರ ಹೊರೆಯನ್ನು ಇಳಿಸುವುದಿಲ್ಲ. ಮುಂದಿನ ಹಂತಗಳಲ್ಲಿ ಹಿಗ್ಗಿಸುವ ಭಾಗ ಚಿಕ್ಕದಾಗಿ, ಬಲಪಡಿಸುವ ಭಾಗ ದೊಡ್ಡದಾಗಿ ಇರುವುದು ಇದೇ ಕಾರಣಕ್ಕೆ.

ಆರಂಭಿಸುವ ಮೊದಲು: ಇವರು ವೈದ್ಯರನ್ನೇ ಕಾಣಬೇಕು

ಈ ಭಾಗವನ್ನು ದಯವಿಟ್ಟು ಹಾರಿಸಿ ಮುಂದೆ ಹೋಗಬೇಡಿ. ಕುತ್ತಿಗೆ ಬಿಗಿತದ ಜೊತೆ ಜ್ವರ ಮತ್ತು ತೀವ್ರ ತಲೆನೋವು ಬಂದು, ಗದ್ದವನ್ನು ಎದೆಯ ಕಡೆಗೆ ತರಲಾಗದಂತಾಗಿದ್ದರೆ ಅದು ಮಿದುಳು ಪೊರೆಯ ಸೋಂಕಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಿಂದೆಂದೂ ಕಾಣದಂತಹ ಕುತ್ತಿಗೆ ನೋವು ಹಠಾತ್ತನೆ ಬಂದು ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು ಅಥವಾ ಮುಖ ಓರೆಯಾಗುವುದು ಇದ್ದರೆ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಿರಬಹುದು, ಅದೂ ತುರ್ತೇ. ಕುತ್ತಿಗೆ ಅಥವಾ ದವಡೆಯ ನೋವಿನೊಂದಿಗೆ ಎದೆ ಹಿಂಡಿದಂತಾಗಿ ಬೆವರು, ಉಬ್ಬಸ ಬಂದರೆ ಮೊದಲು ಹೃದಯವನ್ನು ಪರೀಕ್ಷಿಸಬೇಕು.

ಇನ್ನೊಂದು ಗುಂಪಿನ ಲಕ್ಷಣಗಳು ಸದ್ದಿಲ್ಲದೆ ಬರುತ್ತವೆ. ಅಂಗಿಯ ಗುಂಡಿ ಹಾಕಲು, ಸೂಜಿಗೆ ದಾರ ಪೋಣಿಸಲು ಬೆರಳುಗಳು ಮೊದಲಿನಂತೆ ಮಾತು ಕೇಳದಿರುವುದು, ನಡೆಯುವಾಗ ಕಾಲುಗಳು ತೊಡರಿದಂತಾಗುವುದು, ಮೂತ್ರ ಮಲಗಳ ಮೇಲೆ ಹಿಡಿತ ತಪ್ಪುವುದು ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವುದರ ಸೂಚನೆಗಳು. ಕುತ್ತಿಗೆಯ ಬಗ್ಗೆ ಯೋಚಿಸುತ್ತಿರುವವರು ಇವನ್ನು ಸುಸ್ತು, ವಯಸ್ಸು ಎಂದು ಪಕ್ಕಕ್ಕಿಡುವುದನ್ನು ಕಂಡು ನನಗೆ ಕಳವಳವಾಗುತ್ತದೆ. ಬಿದ್ದ ಅಥವಾ ವಾಹನ ಅಪಘಾತದ ನಂತರ ಶುರುವಾದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ತೋಳಿನ ಬಲ ಕುಂದುತ್ತಿರುವುದು ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮಕ್ಕಿಂತ ಮೊದಲು ತಪಾಸಣೆ ಆಗಬೇಕು. ಕೀಲುಗಳನ್ನು ಉರಿಯೂತದಿಂದ ಹಾಳುಮಾಡುವ ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ಕುತ್ತಿಗೆಯ ಮೇಲ್ತುದಿಯ ಕೀಲು ಸಡಿಲವಾಗಿರುವ ಸಾಧ್ಯತೆ ಇರುವುದರಿಂದ, ಅವರು ವೈದ್ಯರ ಒಪ್ಪಿಗೆಯಿಲ್ಲದೆ ಕೆಳಗಿನ ಯಾವುದನ್ನೂ ಮಾಡಬಾರದು.

ಬೇಕಾಗುವ ವಸ್ತುಗಳು ಕೆಲವೇ: ಬೆನ್ನಿಗೆ ಆಸರೆಯಿರುವ ಕುರ್ಚಿ, ಒಂದು ತೆಳು ಟವೆಲ್, ವ್ಯಾಯಾಮಕ್ಕೆ ಬಳಸುವ ಎಲಾಸ್ಟಿಕ್ ಪಟ್ಟಿ, ಗಡಿಯಾರ, ಒಂದು ನೋಟ್‌ಪುಸ್ತಕ. ಶಾಖ ಕೊಡುವ ಹೊತ್ತನ್ನು ಬಿಟ್ಟು ದಿನಕ್ಕೆ 15 ನಿಮಿಷ ಸಾಕು, ಆದರೆ ವಾರಗಟ್ಟಲೆ ಬಿಡದೆ ಮಾಡಬೇಕು.

ಹಂತ 1: ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ

ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಭುಜ ತಿರುಗಿಸದೆ ತಲೆಯನ್ನಷ್ಟೇ ನಿಧಾನವಾಗಿ ಬಲಕ್ಕೆ ತಿರುಗಿಸಿ. ಗೋಡೆಯ ಮೇಲೆ ನಿಮ್ಮ ಮೂಗಿನ ನೇರಕ್ಕೆ ಬರುವ ಕೊನೆಯ ವಸ್ತು ಯಾವುದೆಂದು ಗುರುತಿಸಿಕೊಳ್ಳಿ. ಎಡಕ್ಕೂ ಹಾಗೆಯೇ ಮಾಡಿ. ಆರೋಗ್ಯವಂತ ವಯಸ್ಕರಲ್ಲಿ ತಲೆ ಒಂದೊಂದು ಬದಿಗೆ ಸುಮಾರು 70ರಿಂದ 80 ಡಿಗ್ರಿ ತಿರುಗುತ್ತದೆ, ವಯಸ್ಸಾದಂತೆ ಇದು ಕಡಿಮೆಯಾಗುವುದು ಸಹಜ. ಡಿಗ್ರಿಯನ್ನು ಅಳೆಯುವ ಗೊಡವೆ ನಿಮಗೆ ಬೇಡ, ಕಿಟಕಿಯ ಚೌಕಟ್ಟೋ ಬಾಗಿಲ ಅಂಚೋ ಗುರುತಾಗಿದ್ದರೆ ಸಾಕು. ಜೊತೆಗೆ ನೋವನ್ನು 0ಯಿಂದ 10ರ ಅಳತೆಯಲ್ಲಿ ಬರೆಯಿರಿ. ಬಿಗಿತಕ್ಕೆ ಪ್ರತ್ಯೇಕವಾಗಿ ಇನ್ನೊಂದು ಅಂಕ ಕೊಡಿ, ಏಕೆಂದರೆ ಅವೆರಡೂ ಒಟ್ಟೊಟ್ಟಿಗೆ ಇಳಿಯುವುದಿಲ್ಲ.

ಇದನ್ನು 2 ವಾರಕ್ಕೊಮ್ಮೆ, ದಿನದ ಅದೇ ಹೊತ್ತಿನಲ್ಲಿ ಮಾಡಿ. ಪ್ರತಿದಿನ ಅಳೆದು ನೋಡುವವರು ಒಂದು ಕೆಟ್ಟ ದಿನಕ್ಕೆ ಎದೆಗುಂದಿ ಬಿಟ್ಟುಬಿಡುತ್ತಾರೆ.

ಹಂತ 2: ಶಾಖ ಮತ್ತು ಉಸಿರು

ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು 15 ನಿಮಿಷ ಹೆಗಲು ಮತ್ತು ಕುತ್ತಿಗೆಯ ಮೇಲಿಡಿ. ಚರ್ಮದ ಸ್ಪರ್ಶಜ್ಞಾನ ಕಡಿಮೆಯಿರುವವರು, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾಗಿರುವವರು ಎಚ್ಚರದಿಂದಿರಬೇಕು, ಸುಟ್ಟದ್ದು ಗೊತ್ತಾಗುವುದೇ ಇಲ್ಲ.

ಶಾಖ ಕೊಡುತ್ತಿರುವಾಗಲೇ ಒಂದು ಕೈಯನ್ನು ಎದೆಯ ಮೇಲೆ, ಇನ್ನೊಂದನ್ನು ಹೊಟ್ಟೆಯ ಮೇಲೆ ಇಟ್ಟು ಉಸಿರನ್ನು ಗಮನಿಸಿ. ಕುತ್ತಿಗೆಯ ಪಕ್ಕದಿಂದ ಮೇಲಿನ ಎರಡು ಪಕ್ಕೆಲುಬುಗಳಿಗೆ ಇಳಿಯುವ ಸ್ನಾಯುಗಳಿವೆ. ಎದೆಯ ಮೇಲ್ಭಾಗದಿಂದಲೇ ಉಸಿರಾಡುವವರಲ್ಲಿ ಅವು ಪ್ರತಿ ಉಸಿರಿಗೂ ಹೆಚ್ಚುವರಿಯಾಗಿ ದುಡಿಯುತ್ತವೆ. ಕೆಳಗಿನ ಕೈ ಮೇಲೇಳುವಂತೆ, ಮೇಲಿನ ಕೈ ಹೆಚ್ಚುಕಡಿಮೆ ನಿಶ್ಚಲವಾಗಿರುವಂತೆ 5 ನಿಮಿಷ ಉಸಿರಾಡಿ. ಇಷ್ಟರಲ್ಲೇ ಭುಜಗಳು ಒಂದೆರಡು ಬೆರಳಿನಷ್ಟು ಕೆಳಗಿಳಿದರೆ, ಅವು ಅಲ್ಲಿಯವರೆಗೂ ಏರಿಯೇ ಇದ್ದವೆಂದು ತಿಳಿಯಿರಿ.

ಹಂತ 3: ನೋವಿಲ್ಲದ ಮಿತಿಯೊಳಗೆ ಚಲನೆ

ತಲೆಯನ್ನು ಎಡಬಲಕ್ಕೆ ತಿರುಗಿಸುವುದು, ಕಿವಿಯನ್ನು ಹೆಗಲಿನ ಕಡೆಗೆ ಬಾಗಿಸುವುದು, ಗದ್ದವನ್ನು ಕೆಳಗಿಳಿಸಿ ಮೇಲೆತ್ತುವುದು, ಈ ಮೂರನ್ನೂ ತಲಾ 8ರಿಂದ 10 ಸಲ ನಿಧಾನವಾಗಿ ಮಾಡಿ. ಕುಳಿತು ಮಾಡುವಾಗ ನೋವಾದರೆ ದಿಂಬಿನ ಮೇಲೆ ತಲೆಯಿಟ್ಟು ಮಲಗಿ, ತಲೆಯನ್ನು ಎತ್ತದೆ ಅತ್ತಿತ್ತ ಉರುಳಿಸಿ. ತಲೆಯ ಭಾರ ದಿಂಬಿನ ಪಾಲಾದಾಗ ಚಲನೆ ಸುಲಭವಾಗುತ್ತದೆ. ಕುತ್ತಿಗೆಯ ತಿರುಗುವಿಕೆಯಲ್ಲಿ ಸುಮಾರು ಅರ್ಧದಷ್ಟು ಮೇಲಿನ ಎರಡು ಕಶೇರುಗಳ ನಡುವಿನ ಕೀಲಿನಲ್ಲೇ ನಡೆಯುವುದರಿಂದ, ತಿರುಗಿಸುವಾಗ ಗದ್ದವನ್ನು ಮುಂದಕ್ಕೆ ಚಾಚದೆ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳಿ.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ತಲೆಯನ್ನು ವೇಗವಾಗಿ ಪೂರ್ಣ ವೃತ್ತದಲ್ಲಿ ಸುತ್ತಿಸುವುದು ಒಂದು. ಕುತ್ತಿಗೆಯನ್ನು ಝಟ್ಟನೆ ತಿರುವಿ ಲಟಿಕೆ ಮುರಿಯುವುದು ಇನ್ನೊಂದು. ಲಟಿಕೆಯ ಸದ್ದು ಬಂದಾಗ ಕ್ಷಣಕಾಲ ಹಗುರವೆನಿಸುವುದು ನಿಜ, ಆದರೆ ಆ ಹಗುರ ನಿಮಿಷಗಳಲ್ಲಿ ಕರಗಿ ಮತ್ತೆ ಮುರಿಯಬೇಕೆನಿಸುತ್ತದೆ. ತರಬೇತಿಯಿಲ್ಲದವರ ಕೈಗೆ ಕುತ್ತಿಗೆಯನ್ನು ಕೊಟ್ಟು ಮುರಿಸಿಕೊಳ್ಳುವುದಂತೂ ಬೇಡವೇ ಬೇಡ, ಮಿದುಳಿಗೆ ರಕ್ತ ಒಯ್ಯುವ ನಾಳಗಳು ಆ ಕಶೇರುಗಳ ಒಳಗಿಂದಲೇ ಹಾದುಹೋಗುತ್ತವೆ.

ಹಂತ 4: ಎರಡೇ ಎರಡು ಹಿಗ್ಗಿಸುವಿಕೆ

ಹೆಗಲಿನ ಮೇಲೆ ಕೈಹಾಕಿದರೆ ಹಿಡಿಗೆ ಸಿಗುವ ಸ್ನಾಯುವಿಗೆ ಟ್ರಪೀಝಿಯಸ್ ಎಂದು ಹೆಸರು. ಬಲಭಾಗದ್ದನ್ನು ಹಿಗ್ಗಿಸಲು ಬಲಗೈಯಿಂದ ಕುರ್ಚಿಯ ಅಂಚನ್ನು ಹಿಡಿದು, ಎಡಕಿವಿಯನ್ನು ಎಡಹೆಗಲ ಕಡೆಗೆ ಬಾಗಿಸಿ. ಎಡಗೈಯನ್ನು ತಲೆಯ ಮೇಲೆ ಸುಮ್ಮನೆ ಇಡಿ, ಎಳೆಯಬೇಡಿ. ಕೈಯ ಭಾರವೇ ಸಾಕು.

ಎರಡನೆಯದು, ಕುತ್ತಿಗೆಯ ಮೇಲಿನ 4 ಕಶೇರುಗಳಿಂದ ಇಳಿದು ಹೆಗಲ ಹಲಗೆಮೂಳೆಯ ಒಳಮೂಲೆಗೆ ಅಂಟಿಕೊಳ್ಳುವ ಸ್ನಾಯು. ಇದರ ಕೆಲಸ ಹಲಗೆಮೂಳೆಯನ್ನು ಮೇಲೆತ್ತುವುದು. ಎಡಗೈಯನ್ನು ಬಲಹೆಗಲ ಮೇಲಿಂದ ಬೆನ್ನಿನತ್ತ ಚಾಚಿದರೆ ಬೆರಳ ತುದಿಗೆ ಸಿಗುವ, ಒತ್ತಿದರೆ ಕುತ್ತಿಗೆಯವರೆಗೂ ಮಿಡಿಯುವ ಆ ಗಂಟಿನಂತಹ ಜಾಗ ಇದೇ. ಬಲಭಾಗದ್ದನ್ನು ಹಿಗ್ಗಿಸಲು ತಲೆಯನ್ನು ಸುಮಾರು 45 ಡಿಗ್ರಿ ಎಡಕ್ಕೆ ತಿರುಗಿಸಿ, ನಂತರ ನಿಮ್ಮ ಎಡ ಕಂಕುಳನ್ನು ನೋಡುವಂತೆ ಕೆಳಕ್ಕೆ ಬಾಗಿಸಿ.

ಪ್ರತಿಯೊಂದನ್ನೂ 20ರಿಂದ 30 ಸೆಕೆಂಡ್ ಹಿಡಿದು, ಎರಡೂ ಬದಿಗೆ 2 ಅಥವಾ 3 ಸಲ ಮಾಡಿ. ಹಿತವಾದ ಸೆಳೆತ ಅನಿಸಬೇಕೇ ಹೊರತು ನೋವಲ್ಲ. ತೋಳಿಗೆ ಜೋಮು ಅಥವಾ ಕರೆಂಟ್ ಹೊಡೆದಂತಹ ಅನುಭವ ಇಳಿದರೆ ನರ ಸೆಳೆಯಲ್ಪಡುತ್ತಿದೆ ಎಂದರ್ಥ, ತಕ್ಷಣ ನಿಲ್ಲಿಸಿ. ಕೆಲವೇ ವಾರಗಳ ಹಿಗ್ಗಿಸುವಿಕೆಯಿಂದ ಸ್ನಾಯು ಉದ್ದವಾಗಿಬಿಡುವುದಿಲ್ಲ. ಮುಖ್ಯವಾಗಿ ಸೆಳೆತವನ್ನು ತಾಳಿಕೊಳ್ಳುವ ನಮ್ಮ ಶಕ್ತಿ ಹೆಚ್ಚುತ್ತದೆ. ಆ ಲಾಭಕ್ಕೆ ಇಷ್ಟು ಸಾಕು. ದಿನಕ್ಕೆ ಹತ್ತು ಸಲ ಕುತ್ತಿಗೆ ಎಳೆಯುವವರಿಗೆ ಹತ್ತು ಪಟ್ಟು ಗುಣವಾಗುವುದಿಲ್ಲ, ಕೆರಳುವುದೇ ಹೆಚ್ಚು.

ಹಂತ 5: ಆಳದ ಸ್ನಾಯುಗಳನ್ನು ಎಬ್ಬಿಸುವುದು

ನನ್ನ ಅಭಿಪ್ರಾಯದಲ್ಲಿ ಇಡೀ ಅಭ್ಯಾಸದ ತಿರುಳು ಇದು. ನೋಡಲು ಏನೂ ಮಾಡುತ್ತಿಲ್ಲವೆನಿಸುವಷ್ಟು ಸಣ್ಣ ಚಲನೆಯಾದ್ದರಿಂದ ಹೆಚ್ಚಿನವರು ಇದನ್ನು ಕೈಬಿಡುತ್ತಾರೆ.

ಮಂಡಿ ಮಡಿಸಿ ಅಂಗಾತ ಮಲಗಿ. ತಲೆಯ ಕೆಳಗೆ ಮಡಿಸಿದ ಟವೆಲ್ ಇಟ್ಟು ಹಣೆ ಮತ್ತು ಗದ್ದ ಒಂದೇ ಮಟ್ಟದಲ್ಲಿ ಬರುವಂತೆ ನೋಡಿಕೊಳ್ಳಿ. ಹಲ್ಲುಗಳನ್ನು ಬಿಡಿಸಿ ತುಟಿ ಮಾತ್ರ ಮುಚ್ಚಿರಲಿ. ಈಗ ಕಿವಿಯ ಹಿಂದಿನಿಂದ ಎದೆಮೂಳೆಯ ಮೇಲ್ತುದಿಗೆ ಓರೆಯಾಗಿ ಇಳಿಯುವ, ತಲೆ ಎತ್ತಿದಾಗ ಹುರಿಯಂತೆ ಎದ್ದು ಕಾಣುವ ಸ್ನಾಯುವಿನ ಮೇಲೆ ಎರಡು ಬೆರಳಿಡಿ. ತಲೆಯನ್ನು ಟವೆಲ್‌ನಿಂದ ಎತ್ತದೆ, ಮೆಲ್ಲಗೆ ಹೌದು ಎಂದು ತಲೆಯಾಡಿಸಿದಂತೆ ಗದ್ದವನ್ನು ಕುತ್ತಿಗೆಯ ಕಡೆಗೆ ಸ್ವಲ್ಪ ಇಳಿಸಿ. ತಲೆಯ ಹಿಂಭಾಗ ಟವೆಲ್ ಮೇಲೆ ನೆತ್ತಿಯ ದಿಕ್ಕಿಗೆ ಕೂದಲೆಳೆಯಷ್ಟು ಜಾರಬೇಕು, ಮೇಲೇಳಬಾರದು. ಬೆರಳ ಕೆಳಗಿನ ಹುರಿ ಬಿಗಿಯಾದರೆ ನೀವು ಹೆಚ್ಚು ಬಲ ಹಾಕಿದ್ದೀರಿ, ಅರ್ಧಕ್ಕೆ ಇಳಿಸಿ. ಅದು ಮೆತ್ತಗೇ ಇರುವಷ್ಟು ಮಾತ್ರ ಹೋಗಿ 10 ಸೆಕೆಂಡ್ ಹಿಡಿಯಿರಿ, ಉಸಿರು ಕಟ್ಟಬೇಡಿ. ಮೊದಲ ವಾರ 5 ಸಲ, ನಂತರ 10 ಸಲ, ದಿನಕ್ಕೆ ಒಂದು ಅಥವಾ ಎರಡು ಬಾರಿ.

ಫಿಸಿಯೋಥೆರಪಿಸ್ಟ್‌ಗಳು ಇದೇ ಚಲನೆಯನ್ನು ಒಂದು ಪರೀಕ್ಷೆಯಾಗಿಯೂ ಬಳಸುತ್ತಾರೆ. ಆಸ್ಟ್ರೇಲಿಯಾದ ಫಿಸಿಯೋಥೆರಪಿ ತಜ್ಞೆ ಗ್ವೆಂಡೊಲೆನ್ ಜಲ್ ಮತ್ತು ಅವರ ಸಂಗಡಿಗರು ರೂಪಿಸಿದ ಈ ಪರೀಕ್ಷೆಯಲ್ಲಿ, ಕುತ್ತಿಗೆಯ ಕೆಳಗೆ ಗಾಳಿ ತುಂಬಿದ ಚಿಕ್ಕ ಚೀಲವಿಟ್ಟು ಒತ್ತಡವನ್ನು 20 ಮಿಲಿಮೀಟರ್ ಪಾದರಸದಿಂದ ಆರಂಭಿಸಿ 22, 24, 26, 28, 30 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಲು ಹೇಳುತ್ತಾರೆ. ನೋವಿರುವವರು ಅನೇಕರು ಮೇಲಿನ ಮೆಟ್ಟಿಲುಗಳಿಗೆ ಹೋಗುವಷ್ಟರಲ್ಲಿ ಹೊರಗಿನ ಹುರಿಗಳನ್ನು ಬಿಗಿಹಿಡಿಯಲು ತೊಡಗುತ್ತಾರೆ. ಮನೆಯಲ್ಲಿ ಆ ಉಪಕರಣದ ಕೆಲಸವನ್ನು ನಿಮ್ಮ ಎರಡು ಬೆರಳುಗಳೇ ಮಾಡುತ್ತವೆ.

ಹಂತ 6: ಬಲ ಕೂಡಿಸುವುದು

ಐದನೆಯ ಹಂತ 2 ವಾರ ಸರಾಗವಾಗಿ ನಡೆದ ಮೇಲೆ ಇದಕ್ಕೆ ಬನ್ನಿ. ಮೊದಲು ಚಲನೆಯಿಲ್ಲದ ಒತ್ತು: ಅಂಗೈಯನ್ನು ಹಣೆಗೆ ಇಟ್ಟು, ತಲೆ ಅಲುಗದಂತೆ, ಎರಡೂ ಪರಸ್ಪರ ಮೆಲ್ಲಗೆ ಒತ್ತಲಿ. ನಿಮ್ಮ ಪೂರ್ಣ ಬಲದ ಐದರಲ್ಲಿ ಒಂದು ಪಾಲು ಸಾಕು. 6ರಿಂದ 10 ಸೆಕೆಂಡ್ ಹಿಡಿದು ಬಿಡಿ. ಹೀಗೆ ಹಿಂದಕ್ಕೂ ಎರಡು ಪಕ್ಕಕ್ಕೂ ತಲಾ 5 ಸಲ ಮಾಡಿ. ರಕ್ತದೊತ್ತಡ ಹೆಚ್ಚಿರುವವರು ಒತ್ತುವಾಗ ಉಸಿರನ್ನು ಬಿಗಿಹಿಡಿಯಲೇಬಾರದು.

ನಂತರ ಎಲಾಸ್ಟಿಕ್ ಪಟ್ಟಿ. ಪಟ್ಟಿಯ ನಡುಭಾಗವನ್ನು ಪಾದದ ಕೆಳಗೆ ತುಳಿದು ಎರಡು ತುದಿಗಳನ್ನು ಕೈಗಳಲ್ಲಿ ಹಿಡಿಯಿರಿ. ಮೊಣಕೈ ತುಸು ಬಾಗಿರಲಿ. ತೋಳುಗಳನ್ನು ಪಕ್ಕಕ್ಕೆ ಭುಜದ ಮಟ್ಟದವರೆಗೆ ಎತ್ತಿ ನಿಧಾನವಾಗಿ ಇಳಿಸಿ. ಎತ್ತುವಾಗ ಭುಜಗಳು ಕಿವಿಯ ಕಡೆಗೆ ಏರಬಾರದು. 10ರಿಂದ 15 ಸಲ ಮಾಡುವಷ್ಟರಲ್ಲಿ ದಣಿವಾಗುವಂತಹ ಪಟ್ಟಿಯನ್ನು ಆರಿಸಿಕೊಳ್ಳಿ. 15 ಸಲ ಸುಲಭವೆನಿಸಿದಾಗ ಇನ್ನೊಂದಿಷ್ಟು ಬಿಗಿಯಾದ ಪಟ್ಟಿಗೆ ಹೋಗಿ.

ಕುತ್ತಿಗೆಯ ನೋವಿಗೆ ತೋಳೆತ್ತುವುದು ಏಕೆ ಎಂದು ಅನೇಕರು ಅನುಮಾನಿಸುತ್ತಾರೆ. ಟ್ರಪೀಝಿಯಸ್ ಕುತ್ತಿಗೆಯನ್ನೂ ಹೆಗಲನ್ನೂ ಸೇರಿಸಿ ಹಿಡಿಯುವ ಸ್ನಾಯುವಾದ್ದರಿಂದ ಈ ಚಲನೆಯಲ್ಲಿ ಅದು ಚೆನ್ನಾಗಿ ದುಡಿಯುತ್ತದೆ. ಡೆನ್ಮಾರ್ಕ್‌ನಲ್ಲಿ ಕುತ್ತಿಗೆ ಮತ್ತು ಹೆಗಲ ನೋವಿದ್ದ 198 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲಾಸ್ಟಿಕ್ ಎಳೆದು ತೋಳೆತ್ತುವ ಈ ಒಂದೇ ವ್ಯಾಯಾಮವನ್ನು ವಾರಕ್ಕೆ 5 ದಿನದಂತೆ 10 ವಾರ ಮಾಡಿಸಿದಾಗ, ದಿನಕ್ಕೆ 12 ನಿಮಿಷ ಮಾಡಿದವರಲ್ಲಷ್ಟೇ ಅಲ್ಲ, ಕೇವಲ 2 ನಿಮಿಷ ಮಾಡಿದವರಲ್ಲೂ ನೋವು ಇಳಿಯಿತು. ಅದಕ್ಕೂ ಮೊದಲು, 2003ರಲ್ಲಿ ಪ್ರಕಟವಾದ ಫಿನ್ಲೆಂಡ್‌ನ ಅಧ್ಯಯನದಲ್ಲಿ ದೀರ್ಘಕಾಲದ ಕುತ್ತಿಗೆ ನೋವಿದ್ದ 180 ಕಚೇರಿ ಉದ್ಯೋಗಿ ಮಹಿಳೆಯರನ್ನು ಒಂದು ವರ್ಷ ಗಮನಿಸಲಾಯಿತು. ಕುತ್ತಿಗೆಯ ಸ್ನಾಯುಗಳಿಗೆ ಬಲ ಅಥವಾ ತಾಳಿಕೆಯ ತರಬೇತಿ ಪಡೆದ ಎರಡೂ ಗುಂಪುಗಳು, ಹಿಗ್ಗಿಸುವಿಕೆ ಮತ್ತು ಸಾಮಾನ್ಯ ದೈಹಿಕ ಚಟುವಟಿಕೆಯ ಸಲಹೆಯನ್ನಷ್ಟೇ ಪಡೆದ ಗುಂಪಿಗಿಂತ ಸ್ಪಷ್ಟವಾಗಿ ಮುಂದಿದ್ದವು.

ಇಲ್ಲಿನ ದೊಡ್ಡ ಅಡ್ಡಿ ಮೊದಲ 2 ವಾರಗಳಲ್ಲಿ ಬರುವ ಮೈಕೈ ನೋವು. ವ್ಯಾಯಾಮದ ನಂತರ ನೋವು ಒಂದೆರಡು ಅಂಕ ಏರಿ, ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಬಂದರೆ ಅದು ಹೊಸ ಕೆಲಸಕ್ಕೆ ಸ್ನಾಯು ಒಗ್ಗಿಕೊಳ್ಳುತ್ತಿರುವುದು. ಎರಡನೆಯ ದಿನವೂ ಇಳಿಯದಿದ್ದರೆ ನೀವು ಹಾಕಿದ ಹೊರೆ ಹೆಚ್ಚಾಯಿತು.

ಹಂತ 7: ಉಳಿದ ಹೊತ್ತು

15 ನಿಮಿಷ ಅಭ್ಯಾಸ ಮಾಡಿ 8 ಗಂಟೆ ಅಲುಗಾಡದೆ ಕುಳಿತರೆ ಅಭ್ಯಾಸ ಸೋಲುತ್ತದೆ. ನೆಟ್ಟಗೆ ಕೂರುವುದಕ್ಕಿಂತ ಆಗಾಗ ಭಂಗಿ ಬದಲಿಸುವುದು ಮುಖ್ಯ, ಏಕೆಂದರೆ ಎಷ್ಟೇ ಸರಿಯಾದ ಭಂಗಿಯೂ ಒಂದು ಗಂಟೆ ಹಿಡಿದರೆ ದಣಿಸುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಒಂದು ನಿಮಿಷ ನಡೆದಾಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ, ಮುಂಗೈಗಳಿಗೆ ಆಸರೆಯಿರಲಿ, ಮೊಬೈಲನ್ನು ಕಿವಿ ಮತ್ತು ಹೆಗಲ ನಡುವೆ ಸಿಕ್ಕಿಸಿಕೊಂಡು ಮಾತನಾಡಬೇಡಿ. ದಿಂಬು ಪಕ್ಕಕ್ಕೆ ಮಲಗಿದಾಗ ಕಿವಿ ಮತ್ತು ಹೆಗಲಿನ ನಡುವಿನ ಜಾಗ ತುಂಬುವಷ್ಟು ಎತ್ತರವಿದ್ದರೆ ಸಾಕು. ಬೋರಲು ಮಲಗಿದರೆ ಕುತ್ತಿಗೆ ರಾತ್ರಿಯಿಡೀ ಒಂದೇ ಕಡೆಗೆ ತಿರುಗಿರುತ್ತದೆ. ವೈದ್ಯರು ಹೇಳದ ಹೊರತು ಕುತ್ತಿಗೆ ಪಟ್ಟಿಯನ್ನು ದಿನಗಟ್ಟಲೆ ಧರಿಸಬೇಡಿ, ಅದು ಹೊತ್ತ ಹೊರೆಯಷ್ಟೂ ಸ್ನಾಯುಗಳು ಇನ್ನಷ್ಟು ದುರ್ಬಲವಾಗುತ್ತವೆ.

ಹಂತ 8: ನೋವು ಮತ್ತೆ ಕೆರಳಿದಾಗ

ಕೆರಳಿಯೇ ಕೆರಳುತ್ತದೆ, ಅದಕ್ಕೆ ಮೊದಲೇ ಸಿದ್ಧರಾಗಿರಿ. ಒಂದು ದೀರ್ಘ ಪ್ರಯಾಣ, ಎರಡು ರಾತ್ರಿ ನಿದ್ದೆಗೆಟ್ಟದ್ದು, ಮನಸ್ಸಿನ ಒತ್ತಡ, ಯಾವುದೂ ಕಾರಣವಾಗಬಹುದು. ಆಗ ಎಲ್ಲವನ್ನೂ ನಿಲ್ಲಿಸಿ ಹಾಸಿಗೆ ಹಿಡಿಯುವುದೂ ತಪ್ಪು, ಹಟಕ್ಕೆ ಬಿದ್ದು ಅಷ್ಟೇ ಭಾರ ಎಳೆಯುವುದೂ ತಪ್ಪು. ಆರನೆಯ ಹಂತವನ್ನು 2 ಅಥವಾ 3 ದಿನ ಬಿಟ್ಟು, ಎರಡು, ಮೂರು ಮತ್ತು ಐದನೆಯ ಹಂತಗಳನ್ನು ಅರ್ಧದಷ್ಟು ಮಾಡಿ, ನಂತರ ಬಿಟ್ಟಲ್ಲಿಂದ ಸ್ವಲ್ಪ ಕೆಳಗಿನ ಭಾರದಿಂದ ಆರಂಭಿಸಿ. ಸ್ನಾಯು ಸಡಿಲಿಸುವ ಮಾತ್ರೆಗಳನ್ನು ಸ್ವಂತವಾಗಿ ಕೊಂಡು ನುಂಗಬೇಡಿ, ಅವು ತೂಕಡಿಕೆ ತರುತ್ತವೆ, ವಾಹನ ಓಡಿಸುವವರಿಗೆ ಅದು ಅಪಾಯ.

ಬದಲಾವಣೆ ಕಾಣಲು ಸಾಮಾನ್ಯವಾಗಿ 6ರಿಂದ 12 ವಾರ ಹಿಡಿಯುತ್ತದೆ. ಹೆಚ್ಚಾಗಿ ಮೊದಲು ಚಲನೆ ಸುಧಾರಿಸುತ್ತದೆ, ನೋವಿನ ಅಂಕ ಅದರ ಹಿಂದೆ ಇಳಿಯುತ್ತದೆ, ಬಿಗಿಯೆಂಬ ಅನುಭವ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. 6 ವಾರ ಬಿಡದೆ ಮಾಡಿಯೂ ನೋಟ್‌ಪುಸ್ತಕದ ಅಂಕಗಳು ಕದಲದಿದ್ದರೆ ಫಿಸಿಯೋಥೆರಪಿಸ್ಟ್ ಬಳಿಗೆ ಹೋಗಿ. ಆ ಪುಸ್ತಕವನ್ನು ಜೊತೆಗೆ ಒಯ್ಯಿರಿ, ಮತ್ತು ಮೊದಲ ಭೇಟಿಯಲ್ಲೇ ಐದನೆಯ ಹಂತವನ್ನು ಅವರೆದುರು ಮಾಡಿ ತೋರಿಸಿ. ಹೆಚ್ಚಿನವರ ಅಭ್ಯಾಸ ತಪ್ಪಿರುವುದು ಅಲ್ಲಿಯೇ, ಮತ್ತು ಅದನ್ನು ಪಕ್ಕದಲ್ಲಿ ನಿಂತು ನೋಡುವ ಕಣ್ಣು ಒಂದೇ ನಿಮಿಷದಲ್ಲಿ ತಿದ್ದಬಲ್ಲದು.